ನೆಡುವ ಕೈಗಳೂ ನೀರೆರೆಯುವ ಕೈಗಳೂ

(ಶತಮಾನೋತ್ಸವದ ಅಂಗವಾಗಿ ದೇವಾಲಯದ ಆವರಣದಲ್ಲಿ ಸಸಿ ನೆಡುವ ಸಂದರ್ಭದಲ್ಲಿ ಮಾಡಿದ ಭಾಷಣ)



ಕಳೆದುಹೋದ ನೂರು ವರ್ಷಗಳಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸಲು ನಮಗೆ ಬಲಿಪೂಜೆಯಿದೆ, ಸ್ತುತಿಗೀತೆಗಳಿವೆ. ಮುಂದಿನ ನೂರು ವರ್ಷಗಳವರಿಗೆ ನಾವು ಏನನ್ನು ಉಳಿಸಿಹೋಗುತ್ತೇವೆ ಎಂಬ ಪ್ರಶ್ನೆಗೆ ಒಂದು ಸಣ್ಣ ಉತ್ತರವಾಗಿ ಇಂದು ಈ ಸಸಿಗಳನ್ನು ನೆಡುತ್ತಿದ್ದೇವೆ.

ಅಬ್ರಹಾಮನು ಬೇರ್ಷೆಬದಲ್ಲಿ ಬಾವಿಯ ವಿಷಯವಾಗಿ ಒಪ್ಪಂದ ಮಾಡಿಕೊಂಡ ಮೇಲೆ ಒಂದು ಮರವನ್ನು ನೆಟ್ಟು ದೇವರನ್ನು ಆರಾಧಿಸಿದನೆಂದು ಆದಿಕಾಂಡದಲ್ಲಿ ಓದುತ್ತೇವೆ. ಆಗ ಅವನು ನೂರು ವರ್ಷ ದಾಟಿದ ವೃದ್ಧ. ಇಸಾಕನು ಇನ್ನೂ ಬಾಲಕ. ಆ ಮರದ ನೆರಳು ಯಾರಿಗಾಗಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ನೀರು, ಅನಂತರ ಮರ ಎಂಬ ಕ್ರಮವನ್ನೂ ನಾವು ಗಮನಿಸಬೇಕು.

ನಮ್ಮ ಸೀಮೆಗೆ ಈ ಕ್ರಮ ಹೊಸದಲ್ಲ. ಅರಸೀಕೆರೆಯ ಹೆಸರಿನಲ್ಲೇ ಕೆರೆಯಿದೆ. ಹಳೇಬೀಡು ಹೊಯ್ಸಳರ ಕಾಲದಲ್ಲಿ ದೋರಸಮುದ್ರವೆನಿಸಿದ್ದು ಅಲ್ಲಿಯ ಕೆರೆಯಿಂದ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಗುಡಿಯ ಕೆಲಸವು ಮೂರು ತಲೆಮಾರು ನಡೆಯಿತೆಂಬುದು ಜನರ ಹೇಳಿಕೆ. ಅಜ್ಜ ಹಿಡಿದ ಕೆಲಸವನ್ನು ಮೊಮ್ಮಗ ಮುಂದುವರಿಸಬೇಕೆಂಬ ತಿಳಿವು ಈ ಮಣ್ಣಿನಲ್ಲಿಯೇ ಇದೆ.

ಆದರೆ ಮಣ್ಣು ಎಲ್ಲ ಕಡೆಯೂ ಒಂದೇ ಅಲ್ಲ. ಬೇಲೂರು ಅರೆಮಲೆನಾಡು, ಅಲ್ಲಿ ಹಲಸು, ನೇರಳೆ ಸುಲಭವಾಗಿ ಬೆಳೆಯುತ್ತವೆ. ಅರಸೀಕೆರೆ ಬಯಲುಸೀಮೆ; ಅಲ್ಲಿಗೆ ಹೊಂಗೆ, ಬೇವು, ಹುಣಸೆಯೇ ಸರಿ. ಕಳೆದ ದಶಕದ ಬರಗಾಲದಲ್ಲಿ ಫಲ ಕೊಡುತ್ತಿದ್ದ ತೆಂಗಿನ ಮರಗಳೇ ಸುಳಿ ಬಾಡಿ ಒಣಗಿದುದನ್ನು ಕಂಡಿದ್ದೇವೆ. ಬೇರಿಳಿದ ಮರಗಳಿಗೇ ಆ ಗತಿಯಾದರೆ ಮೊಳದುದ್ದದ ಸಸಿಯ ಪಾಡೇನು?

ನಮ್ಮ ದೇಶದಲ್ಲಿ 1950ರಿಂದ ವನಮಹೋತ್ಸವ ನಡೆಯುತ್ತ ಬಂದಿದೆ. ಮುಂಗಾರಿನಲ್ಲಿ ನೆಡುವವರು ಬಹಳ ಮಂದಿ. ಮಾಘ, ಫಾಲ್ಗುಣಗಳಲ್ಲಿ ಬಂದು ನೋಡುವವರು ವಿರಳ. ಸಸಿಯ ಅಳಿವು ಉಳಿವು ತೀರ್ಮಾನವಾಗುವುದು ಆ ತಿಂಗಳುಗಳಲ್ಲಿಯೇ. ಅದು ನಮಗೆ ತಪಸ್ಸುಕಾಲ. ವಿಭೂತಿ ಬುಧವಾರದಿಂದ ಪಾಸ್ಕ ಹಬ್ಬದವರೆಗೆ ಉಪವಾಸ, ಪ್ರಾರ್ಥನೆ, ದಾನಧರ್ಮಗಳನ್ನು ಆಚರಿಸುವ ನಾವು, ಆ ದಾನದಲ್ಲಿ ಒಂದು ಕೊಡ ನೀರನ್ನೂ ಸೇರಿಸೋಣ. ಮೂರು ತಪಸ್ಸುಕಾಲಗಳನ್ನು ದಾಟಿದ ಗಿಡ ಬಹುಮಟ್ಟಿಗೆ ತನ್ನ ಬೇರಿನ ಮೇಲೆ ತಾನು ನಿಲ್ಲುತ್ತದೆ.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗೆ ಆಲದ ಮರಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕನವರನ್ನು ನೆನೆಯೋಣ. 2019ರಲ್ಲಿ ಪದ್ಮಶ್ರೀ ಪಡೆದ ಆ ತಾಯಿ 2025ರ ನವೆಂಬರಿನಲ್ಲಿ ತೀರಿಕೊಂಡರು. ಮಕ್ಕಳಿಲ್ಲದ ಆ ದಂಪತಿಗಳು ಕೂಲಿಮಾಡಿ ಬದುಕುತ್ತಲೇ ದೂರದಿಂದ ನೀರು ಹೊತ್ತು ತಂದು, ಮುಳ್ಳುಬೇಲಿ ಕಟ್ಟಿ ಸಸಿಗಳನ್ನು ಕಾಪಾಡಿದರು. ಅವರ ಹಿರಿಮೆ ನೆಟ್ಟುದರಲ್ಲಿ ಇರುವಷ್ಟೇ ಎರೆದುದರಲ್ಲಿಯೂ ಇದೆ.

ಓದಿಗಾಗಿ, ಉದ್ಯೋಗಕ್ಕಾಗಿ ನಮ್ಮ ಯುವಜನರು ಬೆಂಗಳೂರು ಮೊದಲಾದ ಪಟ್ಟಣಗಳಿಗೆ ತೆರಳುತ್ತಿದ್ದಾರೆ. ಊರಿನಲ್ಲಿ ಉಳಿಯುವವರು ಹಿರಿಯರು ಮತ್ತು ಶಾಲೆಯ ಮಕ್ಕಳು. ಆದುದರಿಂದ ಪ್ರತಿಯೊಂದು ಸಸಿಯನ್ನೂ ಒಬ್ಬ ಹಿರಿಯರಿಗೆ ಮತ್ತು ಧರ್ಮೋಪದೇಶ ತರಗತಿಯ ಒಂದು ಮಗುವಿಗೆ ಜೊತೆಯಾಗಿ ಒಪ್ಪಿಸೋಣ. ಯಾವ ಗುಣಿಗೆ ಯಾವ ಗಿಡ, ಯಾವ ಮಳೆಗೆ ನೆಡುವುದು ಎಂಬುದನ್ನು ಅಜ್ಜ ಅಜ್ಜಿಯರು ಬಲ್ಲರು. ಎರಡಡಿ ಆಳದ ಗುಣಿ ತೋಡಲು, ಬೇಲಿ ಕಟ್ಟಲು ಯುವಕರ ತೋಳುಬಲ ಬೇಕು. ದೂರದಲ್ಲಿರುವವರು ಹಬ್ಬಕ್ಕೆ ಬಂದಾಗ ಮುರಿದ ಬೇಲಿಯನ್ನು ಸರಿಪಡಿಸಲಿ. ಭಾನುವಾರ ಪೂಜೆಗೆ ಬರುವ ಮಗು ಒಂದು ಬಿಂದಿಗೆ ನೀರೆರೆಯಲಿ. ವಾರದ ನಡುವೆ ಸಮೀಪದ ಮನೆಯವರು ನೋಡಿಕೊಳ್ಳಲಿ. ಬುಡಕ್ಕೆ ತೆಂಗಿನಕಾಯಿ ಮಟ್ಟೆಯನ್ನೂ ತರಗೆಲೆಯನ್ನೂ ಹೊದಿಸಿದರೆ ತೇವ ಬೇಗ ಆರುವುದಿಲ್ಲ.

ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ‘ಲೌದಾತೋ ಸಿ’ ವಿಶ್ವಪತ್ರದಲ್ಲಿ ತಲೆಮಾರುಗಳ ನಡುವಣ ನ್ಯಾಯವನ್ನು ಕುರಿತು ಬೋಧಿಸಿದ್ದಾರೆ. ಆ ನ್ಯಾಯವು ನಮ್ಮ ಅಂಗಳದಲ್ಲಿ ಅಜ್ಜಿಯ ಕೈ ಹಿಡಿದು ಬಿಂದಿಗೆ ಹೊತ್ತು ಬರುವ ಮಗುವಿನ ರೂಪದಲ್ಲಿ ಕಾಣಲಿ. ಅಜ್ಜಿಯ ಕಾಲಾನಂತರವೂ ಆ ಮಗು ಗಿಡವನ್ನು ಮರೆಯದಿರಲಿ.

ಕೊನೆಯದಾಗಿ ಒಂದು ವಿನಂತಿ. ಸಸಿಯ ಪಕ್ಕದ ಫಲಕದಲ್ಲಿ ನೆಟ್ಟವರ ಹೆಸರು ಬೇಡ. ಮೂರು ವರ್ಷಗಳ ಬಳಿಕ ಗಿಡ ಉಳಿದಿದ್ದರೆ, ನೀರೆರೆದವರ ಹೆಸರನ್ನು ಅಲ್ಲಿ ಬರೆಯೋಣ. ಸೃಷ್ಟಿಕರ್ತರಾದ ದೇವರು ನಮ್ಮೆಲ್ಲರ ಕೈಗಳನ್ನು ಆಶೀರ್ವದಿಸಲಿ.