ಹಿತ್ತಲದಾಗ ಸಿಹಿ ಮೆಕ್ಕಿಜೋಳ

(ಬೆಳ್ಳಿಹಬ್ಬದ ರೈತರ ಗೋಷ್ಠಿಯಲ್ಲಿ ಆಡಿದ ಮಾತು)



ನಾರಾಯಣಪುರ ಎಡದಂಡೆ ಕಾಲುವೆ ನೀರು ಬಂದ ಮೇಲೆ ನಮ್ಮ ಸುರಪುರ, ಶಹಾಪುರ ಭಾಗದ ಹೊಲಗಳಲ್ಲಿ ಭತ್ತ, ಹತ್ತಿ ಹೆಚ್ಚಾದವು. ಮನೆಗೆ ಬೇಕಾದ ಕಾಯಿಪಲ್ಯಕ್ಕೆ ರೈತನೇ ಸಂತೆಗೆ ಹೋಗುವಂತಾಗಿದೆ. ಮಕ್ಕಳು ಈಗ ಕುದಿಸಿದ ಸಿಹಿ ಮೆಕ್ಕಿಜೋಳ, ಅಂದರೆ ಸ್ವೀಟ್ ಕಾರ್ನ್ ಬೇಕಂತ ಹಟ ಹಿಡಿಯುತ್ತವೆ. ಹಿತ್ತಲದಲ್ಲಿ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ ಜಾಗ ಇದ್ದರೆ ಅದನ್ನು ನಾವೇ ಬೆಳೀಬಹುದು.

ಕೆಲವರು ನಮ್ಮ ಹತ್ತಿರ ಬಂದು, "ಬೆಳಿ ಆಳೆತ್ತರ ಬಂತ್ರೀ, ತೆನಿಯೊಳಗ ಕಾಳೇ ಇಲ್ಲ, ಬೀಜ ಖೊಟ್ಟಿ" ಅಂತಾರೆ. ಕೇಳಿದರೆ ಬೇಲಿಗುಂಟ ಒಂದೇ ಸಾಲು ಊರಿರುತ್ತಾರೆ. ಇದರ ಗಂಡು ಹೂವು ಗಿಡದ ತುದಿಯಲ್ಲಿ ಇರುತ್ತದೆ. ತೆನಿಯ ಬಾಯಿಂದ ಬರುವ ಕೂದಲೇ ಹೆಣ್ಣು. ಒಂದೊಂದು ಕೂದಲು ಒಂದೊಂದು ಕಾಳಿಗೆ ಸೇರಿದ್ದು. ಮೇಲಿನ ಹೂಪುಡಿ ಗಾಳಿಗೆ ಹಾರಿ ಆ ಕೂದಲ ಮೇಲೆ ಬಿದ್ದರೇನೇ ಕಾಳು ಕಟ್ಟುತ್ತದೆ. ಒಂದೇ ಸಾಲು ಇದ್ದರೆ ಪುಡಿ ಎಲ್ಲಾ ಗಾಳಿಪಾಲು, ತೆನಿ ಹಲ್ಲುದುರಿದ ಮುದುಕನ ಬಾಯಿ! ಅದಕ್ಕೇ ಚೌಕಾಗಿ ನಾಲ್ಕೈದು ಸಾಲು ಹಾಕ್ರಿ. ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ. ಹತ್ತಿರದಲ್ಲೇ ಸಾದಾ ಮೆಕ್ಕಿಜೋಳ ಹೂ ಬಿಟ್ಟಿದ್ದರೆ ಅದರ ಪುಡಿ ಬಿದ್ದು ಸಿಹಿ ಕೆಡುತ್ತದೆ. ಬಿತ್ತನೆಯಲ್ಲಿ ಮೂರು ವಾರ ಅಂತರ ಇಟ್ಟರೆ ಸಾಕು.

ಈ ಬೀಜ ಸುಕ್ಕುಗಟ್ಟಿರುತ್ತದೆ, ಶಕ್ತಿ ಕಡಿಮೆ. ನಮ್ಮ ಎರಿ ಭೂಮಿಯಲ್ಲಿ ನೀರು ನಿಂತರೆ ಕೊಳೆಯುತ್ತದೆ. ಬೋದು ಏರಿಸಿ, ತಿಪ್ಪಿ ಗೊಬ್ಬರ ಬೆರೆಸಿ, ಒಂದು ಇಂಚು ಆಳಕ್ಕಷ್ಟೇ ಊರಬೇಕು. ಮುಂಗಾರಿ ಒಳ್ಳೆಯದು. ನಮ್ಮ ಬ್ಯಾಸಗಿ ಬಿಸಿಲಿಗೆ ಹೂಪುಡಿ ಸಾಯುತ್ತದೆ, ಆಗ ಹೂ ಬರುವಂತೆ ಊರಬ್ಯಾಡ್ರಿ. ಮೊಣಕಾಲುದ್ದ ಬಂದಾಗ ಸ್ವಲ್ಪ ಯೂರಿಯಾ ಕೊಟ್ಟು ಮಣ್ಣು ಏರಿಸಬೇಕು. ಕೂದಲು ಬರುವಾಗ ಮಾತ್ರ ನೀರು ತಪ್ಪಬಾರದು.

2018ರಲ್ಲಿ ಕರ್ನಾಟಕಕ್ಕೆ ಬಂದ ಸೈನಿಕ ಹುಳು ಇದಕ್ಕೂ ಬೀಳುತ್ತದೆ. ಐವತ್ತು ಗಿಡ ಮುಂಜಾನೆ ನೋಡಲಿಕ್ಕೆ ಎಷ್ಟು ಹೊತ್ತು? ಎಲೆ ಮೇಲಿನ ಮೊಟ್ಟಿ ಒರೆಸಿ ಹಾಕ್ರಿ, ಸುಳಿಯಲ್ಲಿನ ಹುಳು ಆರಿಸಿ ಕೊಲ್ರಿ. ಮಕ್ಕಳು ತಿನ್ನುವ ತೆನಿಗೆ ಹತ್ತಿಯ ಎಣ್ಣಿ ಹೊಡೆಯುವುದು ನಮಗಂತೂ ಒಪ್ಪುವುದಿಲ್ಲ.

ಮುರಿಯುವ ಕಾಲ ಸೀತನಿ ತಿನ್ನುವ ನಮಗೆ ಕಲಿಸಬೇಕಾಗಿಲ್ಲ. ಕೂದಲು ಬಂದು ಇಪ್ಪತ್ತು ದಿನದ ಸುಮಾರಿಗೆ ಅದು ಕಂದಾಗಿ ಒಣಗುತ್ತದೆ. ಸಿಪ್ಪೆ ಸ್ವಲ್ಪ ಸರಿಸಿ ಕಾಳಿಗೆ ಉಗುರು ಒತ್ತಿದರೆ ಹಾಲು ಬರಬೇಕು. ನೀರು ಬಂದರೆ ಎಳೆದು, ಹಿಟ್ಟು ಬಂದರೆ ಬಲಿತದ್ದು. ಮುಂಜಾನೆ ತಂಪಿನಲ್ಲಿ ಮುರಿದು ಅವತ್ತೇ ಕುದಿಸ್ರಿ, ಇಟ್ಟಷ್ಟೂ ಸಕ್ಕರೆ ಇಳಿಯುತ್ತದೆ. ಇದೇ ಕಾರಣಕ್ಕೆ, ಕೊಳ್ಳುವವರು ಗೊತ್ತಾಗದೆ ಎಕರೆಗಟ್ಟಲೆ ಹಾಕಬ್ಯಾಡ್ರಿ ಅಂತ ಸದಸ್ಯರಿಗೆ ನಮ್ಮ ವಿನಂತಿ. ಹೈಬ್ರಿಡ್ ಇದ್ದರೆ ಬೀಜಕ್ಕೆಂದು ತೆನಿ ಬಿಡುವುದೂ ಬೇಡ, ಮುಂದಿನ ವರ್ಷ ಅದೇ ಗುಣ ಬರುವುದಿಲ್ಲ.

ತೆನಿ ಮುರಿದ ದಂಟು ಹಸಿ ಇರುವಾಗಲೇ ಕೊಯ್ದು ಎಮ್ಮಿಗೆ ಹಾಕ್ರಿ.