ಡೊಳ್ಳಿನ ಪೆಟ್ಟು, ಗಣಕದ ಗೆರೆ
(ಸುವರ್ಣ ಮಹೋತ್ಸವದ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳು)



ಮುಖ್ಯೋಪಾಧ್ಯಾಯರು ನನ್ನನ್ನು 'ಸೌಂಡ್ ಇಂಜಿನಿಯರ್' ಎಂದು ಪರಿಚಯಿಸಿದಾಗ, ಹಿಂದಿನಿಂದ ಯಾರೋ 'ಅಂದ್ರ ಮೈಕ್ ಸೆಟ್ಟಿನಾಂವ' ಎಂದದ್ದು ಕೇಳಿಸಿತು. ತಪ್ಪೇನಿಲ್ಲ. ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡುತ್ತೇನೆ. ಮುದ್ರಿಸಿದ ಚರ್ಮವಾದ್ಯಗಳ ಲಯ ತಿದ್ದುವುದು ಅದರಲ್ಲೊಂದು ದೊಡ್ಡ ಕೆಲಸ. ಇವತ್ತು ಅದನ್ನಷ್ಟೇ ಹೇಳುತ್ತೇನೆ.

ಇಂಥ ವಾದ್ಯಗಳಿಗೆ ಒಂದೇ ಮೈಕ್ ಸಾಲದು. ಪ್ರತಿಯೊಂದರ ಹತ್ತಿರ ಬೇರೆ ಮೈಕ್, ಒಟ್ಟು ಸದ್ದಿಗೆ ಮೇಲೆ ಎರಡು. ಒಂದೊಂದು ಮೈಕಿನ ಸದ್ದೂ ಗಣಕದಲ್ಲಿ ಒಂದೊಂದು ಸಾಲಾಗಿ ಉಳಿಯುತ್ತದೆ. ಅದಕ್ಕೆ ಟ್ರ್ಯಾಕ್ ಎನ್ನುತ್ತೇವೆ. ಪೆಟ್ಟು ಬಿದ್ದಲ್ಲೆಲ್ಲ ಪರದೆಯ ಮೇಲೆ ಚೂಪಾದ ಗುಡ್ಡ ಏಳುತ್ತದೆ. ಪ್ರೊ ಟೂಲ್ಸ್‌ನ ಬೀಟ್ ಡಿಟೆಕ್ಟಿವ್‌ನಂಥ ಸಲಕರಣೆ ಆ ಗುಡ್ಡಗಳನ್ನು ಹುಡುಕಿ, ಕತ್ತರಿಸಿ, ಲಯದ ಗೆರೆಗೆ ತಂದು ನಿಲ್ಲಿಸುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ತಾಲೂಕಿನ ಒಂದು ಡೊಳ್ಳಿನ ಮೇಳವನ್ನು ಮುದ್ರಿಸಿದೆ. ಹೊಸ ಹುಡುಗರ ತಾಲೀಮಿಗೆ ಅವರಿಗದು ಬೇಕಿತ್ತು. ನಾಲ್ಕು ಡೊಳ್ಳು, ಒಂದು ತಾಳ. ಪ್ರತಿ ಡೊಳ್ಳಿನ ಕೋಲಿನ ಕಡೆಗೊಂದು, ಕೈಯ ಕಡೆಗೊಂದು ಮೈಕ್, ತಾಳಕ್ಕೊಂದು, ಮೇಲೆ ಎರಡು. ಒಟ್ಟು 11 ಟ್ರ್ಯಾಕ್. ಊರಿನವರ ಕೆಲಸವೆಂದು ಮೂರು ರಾತ್ರಿ ಕುಳಿತು ಪ್ರತಿ ಪೆಟ್ಟನ್ನೂ ಗೆರೆಗೆ ಕೂಡಿಸಿದೆ. ಪರದೆಯ ಮೇಲೆ ಎಷ್ಟು ಚಂದ ಕಾಣುತ್ತಿತ್ತೆಂದರೆ ಫೋಟೋ ಕೂಡ ತೆಗೆದುಕೊಂಡೆ!

ತಾಲೀಮಿನಲ್ಲಿ ಹಾಕಿದರು. ಹುಡುಗರ ಕಾಲು ಹೊಂದಲಿಲ್ಲ. ಮೇಳದ ಹಿರಿಯರು, "ತಮ್ಮಾ, ಇದು ಏರೂದಿಲ್ಲ, ಜಿಗೀತೈತಿ. ಕುಣಿಯಾವ್ರು ಹೆಂಗ ಕುಣೀಬೇಕು?" ಎಂದರು.

ಅವರು ಹೇಳಿದ್ದು ನಿಜ. ಡೊಳ್ಳಿನ ಲಯ ನಿಧಾನವಾಗಿ ಹುಟ್ಟಿ ತಿಳಿಯದಂತೆ ಏರುತ್ತದೆ. ನಾನು ಸುತ್ತಿಗೊಂದು ವೇಗ ಗೊತ್ತುಮಾಡಿ, ಏರನ್ನು ಕಡಿದು ಮೆಟ್ಟಿಲು ಮಾಡಿದ್ದೆ.

ಇನ್ನೊಂದು ತಪ್ಪನ್ನು ಅವರು ಹೇಳಲಿಲ್ಲ, ನನಗೇ ಆಮೇಲೆ ಕೇಳಿಸಿತು. ಮಕ್ಕಳೆ, ಇದು ನಿಮ್ಮ ವಿಜ್ಞಾನದ ಪಾಠದಲ್ಲೇ ಇದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ ಒಂದು ಮೀಟರಿಗೆ ಸುಮಾರು 3 ಮಿಲಿಸೆಕೆಂಡ್. ಒಬ್ಬರ ಡೊಳ್ಳು ಅವರ ಮೈಕಿಗಷ್ಟೇ ಅಲ್ಲ, ಪಕ್ಕದವರ ಮೈಕಿಗೂ ಮೇಲಿನ ಮೈಕಿಗೂ ತುಸು ತಡವಾಗಿ ಮುಟ್ಟುತ್ತದೆ. ನಾನು ಹತ್ತಿರದ ಟ್ರ್ಯಾಕನ್ನು 20 ಮಿಲಿಸೆಕೆಂಡ್ ಸರಿಸಿದರೆ, ಉಳಿದವುಗಳಲ್ಲಿ ಅದೇ ಪೆಟ್ಟು ಹಳೆಯ ಜಾಗದಲ್ಲೇ ಇರುತ್ತದೆ. ಆಗ ಒಂದು ಪೆಟ್ಟು ಒಡೆದು ಎರಡಾಗುತ್ತದೆ, ತುಂಬಿದ ಡೊಳ್ಳು ಖಾಲಿ ಡಬ್ಬಿಯಂತೆ ಕೇಳುತ್ತದೆ.

ಪುಣ್ಯಕ್ಕೆ ಮೂಲ ಮುದ್ರಣವನ್ನು ಬೇರೆಯಾಗಿ ಉಳಿಸಿದ್ದೆ. ಮೇಳದ ತಾಳದವರನ್ನು ಸ್ಟುಡಿಯೋಕ್ಕೆ ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡೆ. ಮೊದಲು ಪರದೆ ಆರಿಸಿದೆ. ಈ ತಾಲೂಕಿನವನಾಗಿ ಇದು ನನಗೆ ಮೊದಲೇ ಹೊಳೆಯಬೇಕಿತ್ತು. 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು, 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿನ ಬೆಳಕಿಲ್ಲದೆ ಸಂಗೀತ ಕಲಿತು ನಾಡಿಗೆ ಕಲಿಸಿದವರು. ನಾನೋ ಕಣ್ಣಿನಿಂದ ಲಯ ನೋಡುತ್ತಿದ್ದೆ.

ಈ ಸಲ ಗಣಕದ ಗಡಿಯಾರವನ್ನು ಬಿಟ್ಟು, ತಾಳದ ಪೆಟ್ಟುಗಳನ್ನೇ ಗುರುತು ಮಾಡಿ ಅವುಗಳ ಏರಿನಂತೆ ಗೆರೆ ಎಳೆದೆವು. ಅವರು 'ಹೂಂ, ಇಲ್ಲಿ ತಪ್ಪೈತಿ' ಎಂದ ಜಾಗವನ್ನಷ್ಟೇ ಮುಟ್ಟಿದೆ. ಮೇಳವೆಲ್ಲ ಒಟ್ಟಾಗಿ ಎಡವಿದ ಕಡೆ 11 ಟ್ರ್ಯಾಕುಗಳನ್ನೂ ಒಂದೇ ಕಡೆ ಕತ್ತರಿಸಿ ಒಟ್ಟಿಗೇ ಸರಿಸಿದೆ. ಒಬ್ಬರೇ ತಪ್ಪಿದ ಕಡೆ ಸರಿಸಲು ಬರುವುದಿಲ್ಲ. ಮತ್ತೊಮ್ಮೆ ಬಾರಿಸಿದ್ದ ಅದೇ ಸುತ್ತನ್ನು ತಂದು ಜೋಡಿಸಬೇಕು. ಜೋಡಿಸಿದಲ್ಲಿ 'ಟಿಕ್' ಎನ್ನದಂತೆ ಒಂದರ ಸದ್ದು ಇಳಿಸುತ್ತ ಇನ್ನೊಂದರದು ಏರಿಸಬೇಕು, ಅದು ಕ್ರಾಸ್‌ಫೇಡ್. ಮೂರು ರಾತ್ರಿಯ ಕೆಲಸ ಒಂದು ಮಧ್ಯಾಹ್ನಕ್ಕೆ ಮುಗಿಯಿತು.

ನಾಲ್ಕನೆಯ ಸುತ್ತಿನಲ್ಲಿ ಒಂದು ಡೊಳ್ಳು ತುಸು ಹಿಂದೆ ಬೀಳುತ್ತದೆ. ತಿದ್ದಲೇ ಎಂದು ಕೇಳಿದೆ. "ಬ್ಯಾಡ, ಅಲ್ಲಿ ಅಂವ ತಿರುಗಿ ಕುಣೀತಾನ" ಎಂದರು. ಹಾಗೇ ಬಿಟ್ಟಿದ್ದೇನೆ.

ಎರಡೂ ಮುದ್ರಣಗಳು ನನ್ನ ಫೋನಿನಲ್ಲಿವೆ. ಊಟವಾದ ಮೇಲೆ ಇದೇ ಮೈಕ್ ಸೆಟ್ಟಿನಲ್ಲಿ ಹಾಕುತ್ತೇನೆ, ಬೇಕಾದವರು ಬಂದು ಕೇಳಿರಿ.