ಅಧ್ಯಕ್ಷಪದವಿಯ ಅವಧಿ
(ಗಂಜಾಮಿನಲ್ಲಿ ಮಾಡಿದ ಭಾಷಣ)



ಗಂಜಾಮನ್ನೊಳಗೊಂಡ ಶ್ರೀರಂಗಪಟ್ಟಣ ಪುರಸಭೆಗೆ ನಾವು ಆರಿಸುವ ಸದಸ್ಯರ ಅವಧಿ 5 ವರ್ಷ. ಅವರು ಆರಿಸುವ ಅಧ್ಯಕ್ಷರದು 30 ತಿಂಗಳು. ವ್ಯಾಜ್ಯದ ನಡುವೆ ವಕೀಲ ಬದಲಾದರೆ ಕಡತವನ್ನು ಮೊದಲಿನಿಂದ ಓದಬೇಕಾಗುವುದನ್ನು ನಾನು ಬಲ್ಲೆ. ಇಲ್ಲಿಯೂ ಹಾಗೆಯೇ, ಚರಂಡಿಯ ಕೆಲಸಕ್ಕೆ ಮಂಜೂರಾತಿ ದೊರೆಯುವಷ್ಟರಲ್ಲಿ ಪೀಠ ಬೇರೊಬ್ಬರದಾಗಿರುತ್ತದೆ. ಆದುದರಿಂದ 5 ವರ್ಷದ ಒಂದೇ ಅವಧಿಯಿರಲಿ, ಮರು ಆಯ್ಕೆ ಬೇಡ ಎಂಬ ಪಕ್ಷಕ್ಕೆ ನಾನು ಒಲಿದಿದ್ದೇನೆ.

ಮರಳಿ ಮತ ಬೇಡಬೇಕಿಲ್ಲದವನು ಯಾರಿಗೆ ಅಂಜುವನೆಂದು ಕೇಳುವಿರಿ. ಮೆಕ್ಸಿಕೋದ ರಾಷ್ಟ್ರಾಧ್ಯಕ್ಷಪದವಿಗೆ 6 ವರ್ಷ, ದಕ್ಷಿಣ ಕೊರಿಯಾದಲ್ಲಿ 1987ರ ಸಂವಿಧಾನದಂತೆ 5 ವರ್ಷ. ಎರಡೂ ಕಡೆ ಜನರೇ ನೇರವಾಗಿ ಆರಿಸುತ್ತಾರೆ, ಎರಡನೆಯ ಸಲವಿಲ್ಲ. ಅಲ್ಲಿ ಈ ಭಯಕ್ಕೆ ಆಧಾರವುಂಟು. ನಮ್ಮಲ್ಲಾದರೋ ಆರಿಸಿದ ಸದಸ್ಯರು ಎದುರಿಗೇ ಕುಳಿತಿರುತ್ತಾರೆ. ಅವಿಶ್ವಾಸ ನಿರ್ಣಯವೂ ಅವರ ಕೈಯಲ್ಲಿಯೇ ಇದೆ.

ನನ್ನನ್ನು ಕಾಡುವ ಆಕ್ಷೇಪ ಬೇರೆ. ಈ ಪೀಠವು ಮೀಸಲಾತಿಯ ಸರದಿಯಂತೆ ಮಹಿಳೆಯರಿಗೂ ಪರಿಶಿಷ್ಟರಿಗೂ ಹಿಂದುಳಿದವರಿಗೂ ಸಲ್ಲುತ್ತದೆ. ಅವಧಿ ಇಮ್ಮಡಿಯಾದರೆ ಅವರ ಸರದಿ ಅಷ್ಟೂ ತಡವಾಗುವುದು. ಇದನ್ನು ನಾನು ಅಲ್ಲಗಳೆಯಲಾರೆ. ಆದರೂ ಸರದಿ ಬಂದ ಹೆಣ್ಣುಮಗಳು ತಾನು ತೊಡಗಿದ ಚರಂಡಿಯನ್ನು ತಾನೇ ಮುಗಿಸಿ ಪೀಠದಿಂದಿಳಿಯಲಿ ಎಂದು ನಾನು ಬಯಸುತ್ತೇನೆ.